ಹಳೆಯ ಕಾರು ಕೊಳ್ಳುವ ಮುನ್ನ: ಯಾವ ದಾಖಲೆಯನ್ನು ಎಷ್ಟು ನಂಬಬೇಕು

ಹತ್ತು ಹನ್ನೆರಡು ವರ್ಷ ಓಡಿದ ಕಾರನ್ನು ನೋಡಲು ಹೋದಾಗ ಮಾರುವವರು ಸಾಮಾನ್ಯವಾಗಿ ಮೊದಲು ಮುಂದೆ ಹಿಡಿಯುವುದು ಇತ್ತೀಚಿನ ತಪಾಸಣೆಯ ಪ್ರಮಾಣಪತ್ರವನ್ನು. ‘ಹೋದ ತಿಂಗಳಷ್ಟೇ ಪಾಸಾಗಿದೆ, ಇನ್ನೇನು ನೋಡುವುದಿದೆ’ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಆ ಕಾಗದ ಸುಳ್ಳೇನೂ ಹೇಳುವುದಿಲ್ಲ, ಆದರೆ ಹೇಳುವುದು ಬಹಳ ಕಡಿಮೆ. ತಪಾಸಣೆ ನಡೆದ ಆ ದಿನ, ಪರೀಕ್ಷಕರ ಪಟ್ಟಿಯಲ್ಲಿದ್ದ ಅಂಶಗಳ ಮಟ್ಟಿಗೆ, ಗಾಡಿ ರಸ್ತೆಗಿಳಿಯಲು ಬೇಕಾದ ಕನಿಷ್ಠ ಅರ್ಹತೆಯನ್ನು ಪಡೆದಿತ್ತು ಎಂಬುದಷ್ಟೇ ಅದರ ಅರ್ಥ. ಹಿಂದಿನ ಮಾಲೀಕರು ಗಾಡಿಯನ್ನು ಹೇಗೆ ನೋಡಿಕೊಂಡರು, ಮುಂದಿನ ಎರಡು ಮೂರು ವರ್ಷಗಳಲ್ಲಿ ಯಾವ ಖರ್ಚು ತಲೆಯ ಮೇಲೆ ಬೀಳಲಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಿದ್ದರೆ ಆ ಪ್ರಮಾಣಪತ್ರದ ಹಿಂದಿರುವ ಎಲ್ಲ ವರ್ಷಗಳ ತಪಾಸಣೆಗಳನ್ನು ಸಾಲಾಗಿಟ್ಟುಕೊಂಡು ಓದಬೇಕು.

ಹಾಗೆ ಗಾಡಿಯ ಪೂರ್ವಾಪರ ತಿಳಿಯಲು ಕೊಳ್ಳುವವರ ಮುಂದೆ ನಾಲ್ಕು ದಾರಿಗಳಿವೆ: ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕೇಂದ್ರಗಳ ತಪಾಸಣಾ ದಾಖಲೆ, ಗ್ಯಾರೇಜಿನ ಸರ್ವಿಸ್ ದಾಖಲೆ, ಹಣ ಕೊಟ್ಟು ತರಿಸಿಕೊಳ್ಳುವ ವಾಹನ ಇತಿಹಾಸದ ವರದಿ, ಮತ್ತು ನಮ್ಮದೇ ಮೆಕ್ಯಾನಿಕ್ಕನಿಂದ ಮಾಡಿಸುವ ತಪಾಸಣೆ. ನಾಲ್ಕನ್ನೂ ಮಾಡಿಸಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಐದಾರು ಕಾರುಗಳನ್ನು ನೋಡಿ ಒಂದನ್ನು ಆರಿಸುವವರು ಐದಾರಕ್ಕೂ ಎಲ್ಲವನ್ನೂ ಮಾಡಿಸಲಾರರು. ಆದ್ದರಿಂದ ಯಾವುದನ್ನು ಎಲ್ಲ ಕಾರುಗಳಿಗೂ ಬಳಸಬೇಕು, ಯಾವುದನ್ನು ಕೊನೆಗೆ ಉಳಿದ ಒಂದಕ್ಕೆ ಮೀಸಲಿಡಬೇಕು, ಒಂದರ ಮಾತಿಗೂ ಇನ್ನೊಂದರ ಮಾತಿಗೂ ತಾಳೆಯಾಗದಿದ್ದಾಗ ಯಾವುದರ ಪರ ನಿಲ್ಲಬೇಕು ಎಂಬುದೇ ಇಲ್ಲಿನ ವಿಚಾರ.

ಅಧಿಕೃತ ತಪಾಸಣೆಯ ದಾಖಲೆ

ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೆ. ಐದು ವರ್ಷಗಳ ಹಿಂದೆ ಒಬ್ಬ ಪರೀಕ್ಷಕ ಮೀಟರ್ ನೋಡಿ ಅಂಕಿ ಬರೆದುಕೊಳ್ಳುವಾಗ ಇಂದಿನ ಮಾರಾಟ ಅವನ ಕನಸಿನಲ್ಲೂ ಇರಲಿಲ್ಲ. ಇಂದಿನ ಬೆಲೆಯನ್ನು ಏರಿಸುವ ಅಥವಾ ಇಳಿಸುವ ಯಾವ ಕಾರಣವೂ ಅವನಿಗಿರಲಿಲ್ಲ. ಉಳಿದ ಮೂರು ದಾರಿಗಳಲ್ಲಿ ಇಷ್ಟು ನಿರ್ಲಿಪ್ತವಾದ ಸಾಕ್ಷಿ ಸಿಗುವುದು ಕಷ್ಟ.

ಈ ದಾಖಲೆ ಎಷ್ಟು ದಟ್ಟವಾಗಿರುತ್ತದೆ ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಎಂಒಟಿ ಎಂದು ಕರೆಯುವ ತಪಾಸಣೆ 1960ರಲ್ಲಿ ಹತ್ತು ವರ್ಷ ದಾಟಿದ ಗಾಡಿಗಳಿಗೆಂದು ಆರಂಭವಾಗಿ, 1967ರಲ್ಲಿ ಆ ವಯಸ್ಸು ಮೂರು ವರ್ಷಕ್ಕೆ ಇಳಿಯಿತು. ಬಳಿಕ ಅದು ಪ್ರತಿವರ್ಷವೂ ಆಗಬೇಕು, ಮತ್ತು ನೋಂದಣಿ ಸಂಖ್ಯೆಯೊಂದಿದ್ದರೆ ಹಿಂದಿನ ಫಲಿತಾಂಶಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಜರ್ಮನಿ ಮತ್ತು ಜಪಾನಿನಲ್ಲಿ ಹೊಸ ಕಾರಿನ ಮೊದಲ ತಪಾಸಣೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಮೆರಿಕದಲ್ಲಿ ಇದು ಆಯಾ ರಾಜ್ಯದ ವಿಷಯವಾದ್ದರಿಂದ ಕೆಲವೆಡೆ ನಿಯತ ತಪಾಸಣೆಯೇ ಇಲ್ಲ. ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲಿನ ನವೀಕರಣಕ್ಕೆ ಹೋದಾಗಲೇ ಗಾಡಿಯ ಅರ್ಹತೆಯ ಪರೀಕ್ಷೆ, ಅಲ್ಲಿಯವರೆಗೆ ಹೊಗೆ ತಪಾಸಣೆಯ ಚೀಟಿಗಳಷ್ಟೇ. ಹಾಗಾಗಿ ಹನ್ನೆರಡು ವರ್ಷದ ಕಾರಿಗೆ ಒಂದು ಕಡೆ ಒಂಬತ್ತು ತಪಾಸಣೆಗಳ ಚರಿತ್ರೆ ಇರಬಹುದು, ಇನ್ನೊಂದು ಕಡೆ ಒಂದೂ ಇಲ್ಲದಿರಬಹುದು. ದಾಖಲೆ ತೆಳುವಾಗಿರುವಲ್ಲಿ ಸರ್ವಿಸ್ ಬಿಲ್ಲುಗಳ ಮತ್ತು ಸ್ವಂತ ತಪಾಸಣೆಯ ತೂಕ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ದಾಖಲೆ ಕೈಗೆ ಬಂದ ಮೇಲೆ ಪಾಸು ಫೇಲುಗಳನ್ನು ಪಕ್ಕಕ್ಕಿಟ್ಟು ಮೊದಲು ಕಿಲೋಮೀಟರಿನ ಅಂಕಿಗಳನ್ನು ವರ್ಷವಾರು ಒಂದರ ಕೆಳಗೊಂದು ಬರೆದುಕೊಳ್ಳುವುದು ಒಳ್ಳೆಯದು. 61,000, ಮರುವರ್ಷ 74,000, ಆಮೇಲೆ 86,000, ಅದಾದ ಮೇಲೆ 58,000 ಎಂದು ಕಂಡರೆ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆಂದು ಅನುಮಾನಿಸಲೇಬೇಕು. ಹಾಗೆಂದು ಪ್ರತಿಯೊಂದು ಅಂಕಿ ತಪ್ಪೂ ಮೋಸವಲ್ಲ. ಒಂದೇ ಒಂದು ವರ್ಷದ ಅಂಕಿ ದಾರಿ ತಪ್ಪಿ, ಮರುವರ್ಷ ಮತ್ತೆ ಸರಿಯಾದ ಸಾಲಿಗೆ ಬಂದಿದ್ದರೆ ಅದು ಬರೆದುಕೊಂಡವರ ಕೈತಪ್ಪಿರಬಹುದು. ಅಂಕಿ ಇದ್ದಕ್ಕಿದ್ದಂತೆ ಸುಮಾರು 1.6 ಪಟ್ಟು ಏರಿದ್ದರೆ ಅಥವಾ ಇಳಿದಿದ್ದರೆ ಮೈಲಿ ಮತ್ತು ಕಿಲೋಮೀಟರುಗಳ ನಡುವೆ ಗೊಂದಲವಾಗಿರಬಹುದು. ನಿಜವಾಗಿ ತಿರುಗಿಸಿದ ಮೀಟರಿನ ಗುರುತೆಂದರೆ, ಅಂಕಿ ಒಮ್ಮೆ ಕೆಳಗಿಳಿದ ಮೇಲೆ ಆ ಕೆಳಗಿನ ಹಂತದಿಂದಲೇ ಮತ್ತೆ ಏರುತ್ತಾ ಹೋಗುತ್ತದೆ, ಮತ್ತು ಆ ಇಳಿತ ಬಹುಮಟ್ಟಿಗೆ ಗಾಡಿ ಕೈ ಬದಲಾದ ಸಮಯಕ್ಕೆ ಹೊಂದುತ್ತದೆ. ಈ ಮೋಸ ಎಷ್ಟು ಸಾಮಾನ್ಯವೆಂದರೆ ಬೆಲ್ಜಿಯಂ ದೇಶ 2006ರಿಂದ ಹಳೆಯ ಕಾರಿನ ಮಾರಾಟಕ್ಕೆ ಕಾರ್-ಪಾಸ್ ಎಂಬ ಕಿಲೋಮೀಟರ್ ಪ್ರಮಾಣಪತ್ರವನ್ನು ಕಡ್ಡಾಯ ಮಾಡಬೇಕಾಯಿತು.

ಅಂಕಿ ಏರದೇ ನಿಂತದ್ದೂ ಒಂದು ಸುದ್ದಿಯೇ. ಎರಡು ವರ್ಷಗಳ ನಡುವೆ ಕೇವಲ ಮುನ್ನೂರು ನಾನೂರು ಕಿಲೋಮೀಟರ್ ಓಡಿದ ಕಾರನ್ನು ‘ಕಡಿಮೆ ಓಡಿದ ಗಾಡಿ’ ಎಂದು ಹೊಗಳಿ ಮಾರುತ್ತಾರೆ. ನಿಂತಲ್ಲೇ ನಿಂತ ಗಾಡಿಯಲ್ಲಿ ಬ್ರೇಕ್ ಡಿಸ್ಕುಗಳು ತುಕ್ಕು ಹಿಡಿಯುತ್ತವೆ, ರಬ್ಬರಿನ ಬುಷ್ ಮತ್ತು ಸೀಲುಗಳು ಒಣಗಿ ಬಿರುಕು ಬಿಡುತ್ತವೆ, ಟೈರುಗಳು ಕಾಲಕ್ಕೆ ಗಟ್ಟಿಯಾಗುತ್ತವೆ. ಸಮವಾಗಿ ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಓಡಿದ ಕಾರನ್ನು ನಾನು ಅದಕ್ಕಿಂತ ಮೇಲಿಡುತ್ತೇನೆ.

ಅಂಕಿಗಳಾದ ಮೇಲೆ ದಿನಾಂಕಗಳು. ತಪಾಸಣೆ ಪ್ರತಿವರ್ಷ ಆಗಬೇಕಾದ ಕಡೆ ಹದಿನೆಂಟು ತಿಂಗಳ ಬಿಡುವು ಕಂಡರೆ ಆ ಅವಧಿಯಲ್ಲಿ ಗಾಡಿ ಎಲ್ಲಿತ್ತು ಎಂದು ಕೇಳುವ ಹಕ್ಕು ನಿಮಗಿದೆ. ಮಾಲೀಕರು ಪರವೂರಿಗೆ ಹೋಗಿದ್ದರು ಎಂಬ ಉತ್ತರ ನಿಜವಿರಬಹುದು. ಅಪಘಾತವಾಗಿ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿದ್ದಿದ್ದೂ ಇರಬಹುದು. ಬಿಡುವಿನ ನಂತರದ ಮೊದಲ ತಪಾಸಣೆಯಲ್ಲಿ ಏನೇನು ದಾಖಲಾಗಿದೆ ಎಂಬುದರಿಂದ ಈ ಎರಡರಲ್ಲಿ ಯಾವುದು ಎಂಬ ಸುಳಿವು ಸಿಗುತ್ತದೆ.

ಇನ್ನು ದೋಷಗಳ ಪಟ್ಟಿ. ಫೇಲಾದ ಕಾರಣಗಳ ಜೊತೆಗೆ, ಸದ್ಯಕ್ಕೆ ಪಾಸು ಮಾಡಿದ್ದೇವೆ ಆದರೆ ಇದರ ಮೇಲೆ ಕಣ್ಣಿರಲಿ ಎಂಬ ಅರ್ಥದ ಎಚ್ಚರಿಕೆಯ ಟಿಪ್ಪಣಿಗಳೂ ಹಲವು ದೇಶಗಳ ವರದಿಯಲ್ಲಿರುತ್ತವೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ ದೋಷಗಳನ್ನು ಅಪಾಯಕಾರಿ, ದೊಡ್ಡ, ಸಣ್ಣ ಎಂದು ವಿಂಗಡಿಸಿ, ಈ ಎಚ್ಚರಿಕೆಗಳನ್ನು ಪ್ರತ್ಯೇಕವಾಗಿ ಬರೆಯುತ್ತಾರೆ. ಕೊಳ್ಳುವವರಿಗೆ ಫೇಲುಗಳಿಗಿಂತ ಈ ಟಿಪ್ಪಣಿಗಳೇ ಹೆಚ್ಚು ಹೇಳುತ್ತವೆ ಎಂಬುದು ನನ್ನ ಅನುಭವ. ಫೇಲಾದದ್ದನ್ನು ಸರಿಪಡಿಸದೆ ಗಾಡಿ ಮುಂದೆ ಹೋಗುವಂತಿಲ್ಲ. ಟಿಪ್ಪಣಿಯನ್ನು ಕಂಡು ಮಾಲೀಕರು ಏನು ಮಾಡಿದರು ಎಂಬುದು ಅವರ ಸ್ವಭಾವವನ್ನೇ ತೋರಿಸುತ್ತದೆ. ‘ಮುಂದಿನ ಟೈರಿನ ಒಳ ಅಂಚು ಸವೆದಿದೆ’ ಎಂಬ ಟಿಪ್ಪಣಿ ಒಂದು ವರ್ಷ ಬಂದು ಮರುವರ್ಷ ಮಾಯವಾದರೆ ಟೈರು ಬದಲಾಗಿದೆ. ಅದೇ ಟಿಪ್ಪಣಿ ಎರಡು ವರ್ಷ ಬಿಟ್ಟು ಹೊಸ ಟೈರಿನ ಮೇಲೂ ಬಂದರೆ ಟೈರನ್ನಷ್ಟೇ ಬದಲಿಸಿ, ಅದನ್ನು ತಿನ್ನುತ್ತಿರುವ ವೀಲ್ ಅಲೈನ್‌ಮೆಂಟ್ ಅಥವಾ ಸವೆದ ಬುಷ್‌ಗಳನ್ನು ಯಾರೂ ಮುಟ್ಟಿಲ್ಲ ಎಂದು ತಿಳಿಯಬೇಕು.

ತುಕ್ಕಿನ ವಿಷಯದಲ್ಲಿ ಇನ್ನಷ್ಟು ಜಾಗರೂಕರಾಗಿರಬೇಕು. ‘ಹಿಂಬದಿಯ ಬ್ರೇಕ್ ಪೈಪಿನಲ್ಲಿ ಅಲ್ಪ ತುಕ್ಕು’ ಎಂದು ಮೂರು ವರ್ಷ ಸತತವಾಗಿ ಬರೆದು, ನಾಲ್ಕನೆಯ ವರ್ಷ ಆ ಸಾಲೇ ಇಲ್ಲವೆಂದರೆ ಪೈಪು ಬದಲಾಗಿರಬಹುದು, ಅಥವಾ ಅಡಿಭಾಗಕ್ಕೆಲ್ಲ ಕಪ್ಪು ಬಣ್ಣ ಬಳಿದು ಪರೀಕ್ಷಕರಿಗೆ ಕಾಣದಂತೆ ಮಾಡಿರಬಹುದು. ಬಿಲ್ಲು ಇದ್ದರೆ ಮೊದಲನೆಯದು, ಹೊಸದಾಗಿ ಹೊಳೆಯುವ ಕಪ್ಪು ಲೇಪನವಿದ್ದರೆ ಬಹುಶಃ ಎರಡನೆಯದು. ಹಾಗೆಯೇ, ಬಲ್ಬ್ ಹೋಗಿ ಫೇಲಾದ ಗಾಡಿ ಅದೇ ಮಧ್ಯಾಹ್ನ ಪಾಸಾದರೆ ಅದರಲ್ಲಿ ಆಶ್ಚರ್ಯವಿಲ್ಲ. ಚಾಸಿಸ್‌ನ ಭಾರ ಹೊರುವ ಜಾಗ ತುಕ್ಕು ತಿಂದಿದೆಯೆಂದು ಫೇಲಾದ ಗಾಡಿ ಮರುದಿನವೇ ಪಾಸಾಗಿದ್ದರೆ, ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿ ಮುಗಿಸುವ ಕೆಲಸ ಒಂದು ರಾತ್ರಿಯಲ್ಲಿ ಎಷ್ಟು ಚೆನ್ನಾಗಿ ಆಗಿರಬಹುದು ಎಂದು ಯೋಚಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ಇಂತಹ ತಪಾಸಣೆಯ ಉದ್ದೇಶ ರಸ್ತೆಯ ಸುರಕ್ಷತೆ ಮತ್ತು ಹೊಗೆಯ ನಿಯಂತ್ರಣ. ಬ್ರಿಟನ್ನಿನ ಎಂಒಟಿಯನ್ನೇ ತೆಗೆದುಕೊಂಡರೆ ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗಳ ಸ್ಥಿತಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಹಳೆಯ ಕಾರಿನಲ್ಲಿ ಅತ್ಯಂತ ದುಬಾರಿಯಾದ ಮೂರು ಭಾಗಗಳ ಬಗ್ಗೆ ಒಂಬತ್ತು ವರ್ಷಗಳ ದಾಖಲೆ ಒಂದಕ್ಷರವನ್ನೂ ಹೇಳದಿರಬಹುದು.

ಸರ್ವಿಸ್ ದಾಖಲೆ

ಆ ಮೌನವನ್ನು ತುಂಬುವುದು ಸರ್ವಿಸ್ ದಾಖಲೆ. ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದೆಯೇ, ಟೈಮಿಂಗ್ ಬೆಲ್ಟ್ (ಪಿಸ್ಟನ್ನು ಮತ್ತು ವಾಲ್ವುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಪಟ್ಟಿ) ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದರು, ಕೂಲೆಂಟ್ ಮತ್ತು ಬ್ರೇಕ್ ಆಯಿಲ್ ಎಷ್ಟು ವರ್ಷದ್ದು ಎಂಬುದು ಇಲ್ಲಿ ಮಾತ್ರ ತಿಳಿಯುತ್ತದೆ. ಟೈಮಿಂಗ್ ಬೆಲ್ಟಿಗೆ ತಯಾರಕರು ಕಿಲೋಮೀಟರಿನ ಜೊತೆಗೆ ವರ್ಷಗಳ ಮಿತಿಯನ್ನೂ ಕೊಟ್ಟಿರುವುದು ಸಾಮಾನ್ಯ. ಆದ್ದರಿಂದ ಕಡಿಮೆ ಓಡಿದ ಹಳೆಯ ಕಾರಿನಲ್ಲೂ ಅದು ಅವಧಿ ಮೀರಿರಬಹುದು. ಅದು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಆದರೆ ಈ ದಾಖಲೆ ಇರುವುದು ಮಾರುವವರ ಕೈಯಲ್ಲಿ ಎಂಬುದನ್ನು ಮರೆಯಬಾರದು. ಕೆಲವು ವರ್ಷಗಳ ಹಿಂದೆ ನಾನೇ ಮೆಚ್ಚಿ ಮುಂಗಡ ಕೊಡಲು ಹೊರಟಿದ್ದ ಒಂದು ಕಾರಿನ ಸರ್ವಿಸ್ ಪುಸ್ತಕ ನೋಡಲು ಅಚ್ಚುಕಟ್ಟಾಗಿತ್ತು. ಏಳು ವರ್ಷ, ಏಳು ಮೊಹರು, ಏಳು ಸಹಿ. ಎರಡನೆಯ ಸಲ ತಿರುವಿಹಾಕುವಾಗ ಏಳೂ ನಮೂದುಗಳ ನೀಲಿ ಶಾಯಿ ಒಂದೇ ಛಾಯೆಯದು, ಅಂಕಿಗಳೆಲ್ಲ ಒಂದೇ ಓರೆಯವು ಎಂದು ಕಂಡಿತು. ಐದನೆಯ ನಮೂದಿನ ದಿನಾಂಕಕ್ಕಿಂತ ಎರಡು ತಿಂಗಳು ಮೊದಲಿನ ತಪಾಸಣಾ ವರದಿಯಲ್ಲಿ ಗಾಡಿ 91,000 ಕಿಲೋಮೀಟರ್ ಓಡಿತ್ತು, ಪುಸ್ತಕದ ಐದನೆಯ ನಮೂದಿನಲ್ಲಿ 78,000. ಮಾರುವವರನ್ನು ಕೇಳಿದಾಗ ಹಳೆಯ ಪುಸ್ತಕ ಕಳೆದುಹೋಗಿತ್ತು, ಹೊಸದರಲ್ಲಿ ನೆನಪಿನಿಂದ ಬರೆಸಿದೆವು ಎಂದರು. ಆ ಗಾಡಿಯನ್ನು ಬಿಟ್ಟು ಬಂದೆ.

ಅಂದಿನಿಂದ ಮೊಹರಿಗಿಂತ ಬಿಲ್ಲನ್ನು ನಂಬುತ್ತೇನೆ. ಬಿಲ್ಲಿನಲ್ಲಿ ಬಿಡಿಭಾಗದ ಹೆಸರು, ಸಂಖ್ಯೆ, ಮಜೂರಿ, ದಿನಾಂಕ, ಕಿಲೋಮೀಟರ್ ಎಲ್ಲವೂ ಇರುತ್ತವೆ, ಮತ್ತು ಅವೆಲ್ಲ ಒಂದಕ್ಕೊಂದು ಹೊಂದುವಂತೆ ಸುಳ್ಳು ಬರೆಯುವುದು ಸುಲಭವಲ್ಲ. ಎಣ್ಣೆ ಕಲೆಯಾಗಿ, ಮಡಿಚಿ ಹರಿದ ಇಪ್ಪತ್ತು ಬಿಲ್ಲುಗಳ ಕಟ್ಟು ಮಿರುಗುವ ಸರ್ವಿಸ್ ಪುಸ್ತಕಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಸರ್ವಿಸ್ ಮಾಡಿದ ಗ್ಯಾರೇಜಿಗೆ ಒಂದು ಫೋನ್ ಮಾಡಿ, ಈ ಗಾಡಿ ನಿಮ್ಮಲ್ಲಿಗೆ ಬರುತ್ತಿತ್ತೇ ಎಂದು ಕೇಳುವುದರಲ್ಲೂ ಸಂಕೋಚ ಬೇಡ. ಸರ್ವಿಸ್ ದಾಖಲೆಗೂ ಅಧಿಕೃತ ತಪಾಸಣೆಗೂ ಕಿಲೋಮೀಟರಿನಲ್ಲಿ ತಾಳೆಯಾಗದಿದ್ದರೆ ನಾನು ತಪಾಸಣೆಯ ಅಂಕಿಯ ಪರವೇ ನಿಲ್ಲುತ್ತೇನೆ.

ಹಣ ಕೊಟ್ಟು ಪಡೆಯುವ ವರದಿ

ಕಳವಾದ ಗಾಡಿಯೇ, ಸಾಲ ಬಾಕಿಯಿದೆಯೇ, ವಿಮಾ ಕಂಪನಿ ಇದನ್ನು ದುರಸ್ತಿಗೆ ಯೋಗ್ಯವಲ್ಲವೆಂದು ಒಮ್ಮೆ ಕೈಬಿಟ್ಟಿತ್ತೇ, ನೆರೆಯಲ್ಲಿ ಮುಳುಗಿತ್ತೇ ಎಂಬ ಪ್ರಶ್ನೆಗಳಿಗೆ ಮೇಲಿನ ಎರಡೂ ದಾಖಲೆಗಳು ಉತ್ತರಿಸುವುದಿಲ್ಲ. ಈ ವರದಿಗಳು ಉತ್ತರಿಸಲು ಯತ್ನಿಸುತ್ತವೆ. ಆದರೆ ಅವು ನೋಂದಣಿ ಕಚೇರಿ, ವಿಮಾ ಕಂಪನಿ, ಹರಾಜು ಕಟ್ಟೆ ಮುಂತಾದ ಕಡೆಗಳಿಂದ ಒಟ್ಟುಗೂಡಿಸಿದ ಮಾಹಿತಿ. ಮಾಲೀಕರು ವಿಮೆಗೆ ತಿಳಿಸದೆ ಕೈಯಿಂದಲೇ ಹಣ ಕೊಟ್ಟು ಮಾಡಿಸಿದ ಟಿಂಕರಿಂಗ್ ಅದರಲ್ಲಿ ಬರುವುದಿಲ್ಲ. ‘ಅಪಘಾತದ ಮಾಹಿತಿ ಇಲ್ಲ’ ಎಂಬ ಸಾಲನ್ನು ಅಪಘಾತವೇ ಆಗಿಲ್ಲ ಎಂದು ಓದಿಕೊಳ್ಳುವವರೇ ಹೆಚ್ಚು, ಮತ್ತು ಮಾರುವವರಿಗೂ ಅದೇ ಬೇಕು.

ವರದಿ ತರಿಸುವ ಮುನ್ನ ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೈಮೇಲಿಂದಲೇ ಬರೆದುಕೊಳ್ಳಬೇಕು, ಜಾಹೀರಾತಿನಿಂದಲ್ಲ. ಇಂದಿನ ಕಾರುಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳದು. ಒಂದು ಮತ್ತು ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಗಾಡಿಯ ಮೇಲೆ ಒಂದಕ್ಕಿಂತ ಹೆಚ್ಚು ಕಡೆ ಇರುವ ಸಂಖ್ಯೆಯೂ ನೋಂದಣಿ ಪತ್ರದ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು. ಒಂದು ಅಕ್ಷರ ಬೇರೆಯಿದ್ದರೂ, ಫಲಕದ ಸುತ್ತ ಉಜ್ಜಿದ ಗುರುತಿದ್ದರೂ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಸ್ವಂತ ಮೆಕ್ಯಾನಿಕ್ಕನ ಕಣ್ಣು

ನಾಲ್ಕರಲ್ಲಿ ಇಂದಿನ ಸ್ಥಿತಿಯನ್ನು ಹೇಳುವುದು ಇದೊಂದೇ. ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ಕನನ್ನು ಆರಿಸಿ, ಗಾಡಿಯನ್ನು ಲಿಫ್ಟಿಗೆ ಏರಿಸಿ ನೋಡುವ ಅನುಕೂಲವಿರುವಲ್ಲಿ ಮಾಡಿಸಬೇಕು. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಹಳೆಯ ತಪಾಸಣಾ ವರದಿಗಳನ್ನು ಮನೆಯಲ್ಲೇ ಬಿಟ್ಟು ಬರುವುದು. ಆ ಕಾಗದಗಳನ್ನು ಮೆಕ್ಯಾನಿಕ್ಕನ ಕೈಗೆ ಕೊಟ್ಟು, ಹಿಂಬದಿಯ ಬ್ರೇಕ್ ಪೈಪು, ಎಡಬದಿಯ ಬಾಲ್ ಜಾಯಿಂಟು, ಚಾಸಿಸ್‌ನ ಈ ಮೂಲೆ ಎಂದು ಹೆಸರು ಹಿಡಿದು ತೋರಿಸಿದರೆ ಅರ್ಧ ಗಂಟೆಯ ತಪಾಸಣೆ ಎರಡು ಗಂಟೆಯದಕ್ಕೆ ಸಮನಾಗುತ್ತದೆ.

ಮೆಕ್ಯಾನಿಕ್ಕನಿಗೆ ಸ್ಕ್ಯಾನರ್ ಹಾಕಿ ನೋಡುವಂತೆ ಹೇಳುವಾಗ ಎಂಜಿನ್ ಕಂಪ್ಯೂಟರ್ ದಾಖಲಿಸಿಟ್ಟ ದೋಷಗಳ ಕೋಡುಗಳ ಜೊತೆಗೆ ಅದರ ಸ್ವಯಂ ಪರೀಕ್ಷೆಗಳು ಪೂರ್ಣಗೊಂಡಿವೆಯೇ ಎಂದೂ ನೋಡಿಸಬೇಕು. ಕೋಡುಗಳನ್ನು ಅಳಿಸಿದಾಗ ಈ ಪರೀಕ್ಷೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ, ಮತ್ತು ಸಾಕಷ್ಟು ಓಡಿಸುವವರೆಗೆ ‘ಅಪೂರ್ಣ’ ಎಂದೇ ತೋರಿಸುತ್ತವೆ. ದೋಷವೊಂದೂ ಇಲ್ಲ, ಆದರೆ ಪರೀಕ್ಷೆಗಳೆಲ್ಲ ಅಪೂರ್ಣ ಎಂದು ಬಂದರೆ ಇತ್ತೀಚೆಗೆ ಬ್ಯಾಟರಿ ಬಿಚ್ಚಿರಬೇಕು ಅಥವಾ ನೀವು ಬರುವ ಮೊದಲು ಯಾರೋ ಕೋಡ್ ಅಳಿಸಿರಬೇಕು.

ಕಾಗದದಲ್ಲಿಲ್ಲದ ದಿನಾಂಕಗಳು ಗಾಡಿಯ ಮೈಮೇಲೆಯೂ ಇರುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ಅದರ ತಯಾರಿಕೆಯ ದಿನಾಂಕದ ಚೀಟಿ ಸಿಗುವುದುಂಟು. ಗಾಡಿ ತಯಾರಾಗಿ ನಾಲ್ಕು ವರ್ಷವಾದ ಮೇಲಿನ ದಿನಾಂಕ ಮುಂದಿನ ಎರಡೂ ಬೆಲ್ಟುಗಳ ಮೇಲಿದ್ದರೆ, ಏರ್‌ಬ್ಯಾಗ್ ಬಿಚ್ಚಿಕೊಂಡಷ್ಟು ದೊಡ್ಡ ಅಪಘಾತ ಆಗಿತ್ತೇ ಎಂದು ಕೇಳಬೇಕು, ಇತಿಹಾಸದ ವರದಿ ಎಷ್ಟೇ ನಿರ್ಮಲವಾಗಿದ್ದರೂ.

ಎರಡು ಕಾರುಗಳು

ಹನ್ನೆರಡು ವರ್ಷದ, ಒಂದೇ ಮಾದರಿಯ ಎರಡು ಕಾರುಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು 1,46,000 ಕಿಲೋಮೀಟರ್ ಓಡಿದೆ. ಅದರ ಒಂಬತ್ತು ತಪಾಸಣೆಗಳಲ್ಲಿ ನಾಲ್ಕು ಫೇಲು: ಒಮ್ಮೆ ಹೆಡ್‌ಲೈಟಿನ ಕೋನ, ಒಮ್ಮೆ ಮುಂದಿನ ಬ್ರೇಕ್ ಪ್ಯಾಡ್, ಒಮ್ಮೆ ಸ್ಪ್ರಿಂಗ್ ಮುರಿದದ್ದು, ಒಮ್ಮೆ ಸೈಲೆನ್ಸರ್ ಸೋರಿದ್ದು. ನಾಲ್ಕೂ ಸಲ ಒಂದು ವಾರದೊಳಗೆ ಮರುತಪಾಸಣೆಯಲ್ಲಿ ಪಾಸಾಗಿದೆ, ಮತ್ತು ಯಾವ ದೋಷವೂ ಮತ್ತೆ ಮರುಕಳಿಸಿಲ್ಲ. ಎರಡನೆಯದು 82,000 ಓಡಿದೆ. ಒಂದು ಸಲವೂ ಫೇಲಾಗಿಲ್ಲ, ಒಂದು ಟಿಪ್ಪಣಿಯೂ ಇಲ್ಲ, ಆದರೆ ಆರನೆಯ ಮತ್ತು ಏಳನೆಯ ತಪಾಸಣೆಗಳ ನಡುವೆ ಇಪ್ಪತ್ತು ತಿಂಗಳ ಬಿಡುವಿದೆ, ಆ ಬಿಡುವಿನಲ್ಲಿ ಮಾಲೀಕರೂ ಬದಲಾಗಿದ್ದಾರೆ.

ಹೆಚ್ಚಿನವರ ಮನಸ್ಸು ಎರಡನೆಯದರತ್ತ ವಾಲುತ್ತದೆ. ನಾನು ಮೊದಲನೆಯದನ್ನು ಆರಿಸುತ್ತೇನೆ. ಹನ್ನೆರಡು ವರ್ಷದಲ್ಲಿ ಯಾವ ಕಾರಿನ ಪ್ಯಾಡೂ ಬುಷ್ಷೂ ಸವೆಯದೆ ಉಳಿಯುವುದಿಲ್ಲ. ಮೊದಲನೆಯದರ ಸವೆತ ಯಾವಾಗ ಕಂಡಿತು, ಎಷ್ಟು ದಿನದಲ್ಲಿ ಸರಿಹೋಯಿತು ಎಂಬುದು ನಮ್ಮ ಕಣ್ಣ ಮುಂದಿದೆ. ಎರಡನೆಯದರಲ್ಲಿ ತಪಾಸಣೆಗೆ ಮೊದಲೇ ಎಲ್ಲವನ್ನೂ ಸರಿಪಡಿಸುತ್ತಿದ್ದ ಶ್ರದ್ಧಾವಂತ ಮಾಲೀಕರಿದ್ದಿರಬಹುದು. ಹಾಗಿದ್ದರೆ ಅದಕ್ಕೆ ಬಿಲ್ಲುಗಳಿರಬೇಕು, ಬಿಲ್ಲುಗಳಿದ್ದರೆ ಎರಡನೆಯದೇ ಮೇಲು. ಇಲ್ಲದಿದ್ದರೆ ಆ ನಿರ್ಮಲ ದಾಖಲೆಯನ್ನು ಗಾಡಿಯ ಗುಣವೆಂದು ಓದುವುದೋ, ಕಣ್ಣುಮುಚ್ಚಿ ಪಾಸು ಮಾಡಿದ ಪರೀಕ್ಷಕರ ಗುಣವೆಂದು ಓದುವುದೋ ತಿಳಿಯುವುದಿಲ್ಲ. ಎಲ್ಲ ವರ್ಷವೂ ಒಂದೇ ಕೇಂದ್ರದಲ್ಲಿ ತಪಾಸಣೆಯಾಗಿದ್ದು, ಆ ಕೇಂದ್ರ ಮಾರುವವರದೇ ಬಳಗಕ್ಕೆ ಸೇರಿದ್ದರೆ ಈ ಸಂಶಯ ಇನ್ನೂ ಗಟ್ಟಿಯಾಗುತ್ತದೆ.

ಹೀಗೆ ನೋಡಿದರೆ ಕ್ರಮ ತಾನಾಗಿ ಮೂಡುತ್ತದೆ. ತಪಾಸಣಾ ದಾಖಲೆ ಸುಲಭವಾಗಿ ಸಿಗುವ ಕಡೆ ಜಾಹೀರಾತು ಕಂಡ ಪ್ರತಿಯೊಂದು ಕಾರಿಗೂ ಅದನ್ನು ಮನೆಯಲ್ಲಿ ಕುಳಿತೇ ಓದಿ, ಮೂರನೆಯ ಎರಡರಷ್ಟನ್ನು ಅಲ್ಲೇ ಬಿಟ್ಟುಬಿಡಬಹುದು. ಉಳಿದವುಗಳ ಬಿಲ್ಲುಗಳನ್ನು ಗಾಡಿ ನೋಡಲು ಹೋದಾಗ ಕೇಳಬೇಕು. ಹಣ ಕೊಟ್ಟು ತರಿಸುವ ವರದಿಯೂ ಮೆಕ್ಯಾನಿಕ್ಕನ ತಪಾಸಣೆಯೂ ಕೊನೆಗೆ ಉಳಿದ ಒಂದಕ್ಕೆ ಸಾಕು, ಅದರಲ್ಲೂ ವರದಿ ಮೊದಲು, ಲಿಫ್ಟು ಆಮೇಲೆ. ಲಿಫ್ಟಿಗೆ ಏರಿಸಲು ಮಾರುವವರು ಒಪ್ಪದಿದ್ದರೆ ಅವರ ಕಾರಣ ಏನೇ ಇರಲಿ, ಆ ಗಾಡಿಯನ್ನು ಪಟ್ಟಿಯಿಂದ ಹೊಡೆದುಹಾಕಿ.

ಮುಂಗಡ ಕೊಡುವ ದಿನ ಬೆಳಿಗ್ಗೆ ಅಧಿಕೃತ ದಾಖಲೆಯನ್ನು ಮತ್ತೊಮ್ಮೆ ತೆರೆದು ನೋಡಿ. ನೀವು ಮೊದಲ ಸಲ ಓದಿದ ಮೇಲಿನ ಎರಡು ಮೂರು ವಾರಗಳಲ್ಲಿ ಗಾಡಿ ತಪಾಸಣೆಗೆ ಹೋಗಿ ಫೇಲಾಗಿ ಬಂದಿರಬಹುದು, ಮತ್ತು ಆ ಹೊಸ ಸಾಲು ಮಾರುವವರ ಕೈಯಲ್ಲಿರುವ ಹಳೆಯ ಪ್ರಮಾಣಪತ್ರದಲ್ಲಿ ಇರುವುದಿಲ್ಲ.